ಮೂರು ತಾಕಿನ ಸೀತನಿ

ವಿಜ್ಞಾನಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿ ಬೈಲಹೊಂಗಲದಲ್ಲಿ ಯಾಕೆ ಎಂದು ಕೇಳದವರಿಲ್ಲ. ಮೊದಮೊದಲು ತಾಳ್ಮೆಯಿಂದ ಉತ್ತರ ಕೊಡುತ್ತಿದ್ದೆ. ಈಗೀಗ, 'ಜೋಳ ಬೆಂಗಳೂರಿನಲ್ಲಿ ಬೆಳೆಯುತ್ತದೆಯೇ?' ಎಂದು ತಿರುಗಿ ಕೇಳಿ ಸುಮ್ಮನಾಗುತ್ತೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಹೇಳುತ್ತಾರೆ. ಸುಳ್ಳೇನಲ್ಲ.

ಆಫೀಸು ಅಂದರೆ ಮಾರುಕಟ್ಟೆ ಪ್ರಾಂಗಣದ ಹತ್ತಿರ, ಬೀಜ-ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆ. ಬೋರ್ಡಿನಲ್ಲಿ ಕಂಪ್ಯೂಟರಿನ ಚಿತ್ರ ಹಾಕಿಸಿದ್ದೇ ತಪ್ಪಾಯಿತು. ವಾರಕ್ಕೊಬ್ಬರಾದರೂ ಮೆಟ್ಟಿಲು ಹತ್ತಿ ಬಂದು, "ಅಕ್ಕಾರ, ಉತಾರ ತಗದ ಕೊಡ್ತೀರೇನ್ರಿ?" ಎನ್ನುತ್ತಾರೆ. ಹೊಲದ ಉತಾರ, ಅಂದರೆ ಪಹಣಿ, ಇಲ್ಲಿ ಸಿಗುವುದಿಲ್ಲ ಎಂದರೆ, "ಮತ್ತ ಇಷ್ಟ ಕಂಪ್ಯೂಟರ್ ಇಟಗೊಂಡ ಏನ ಮಾಡ್ತೀರಿ?" ಎಂದು ಮರುಪ್ರಶ್ನೆ. ಒಳ್ಳೆಯ ಪ್ರಶ್ನೆಯೇ.

ನಾನು ಹನ್ನೊಂದು ವರ್ಷ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸಂಖ್ಯಾಶಾಸ್ತ್ರ ಕಲಿಸಿದವಳು. ಹನ್ನೊಂದು ವರ್ಷವಾದರೂ ಅತಿಥಿಯೇ. ಒಂದು ಜೂನ್ ತಿಂಗಳಲ್ಲಿ ಈ ಸಲ ಬರುವುದು ಬೇಡ ಎಂದರು, ಬಿಟ್ಟು ಬಂದೆ. ನನ್ನ ಬಳಿ ಓದಿದ್ದ ಕಿತ್ತೂರಿನ ಹುಡುಗಿಯೊಬ್ಬಳು ಪ್ರೋಗ್ರಾಮ್ ಬರೆಯುವುದರಲ್ಲಿ ಗಟ್ಟಿಯಾಗಿದ್ದಳು. ದಿನಾ ಬಸ್ಸಿಗೆ ಬಂದು ಹೋಗುತ್ತೇನೆ ಎಂದಳು. ನಾವಿಬ್ಬರೇ ಕಂಪನಿ.

ನಮ್ಮ ಮೊದಲ ಗಿರಾಕಿ ಒಬ್ಬರು ಜೋಳದ ವಿಜ್ಞಾನಿ. ಇಲ್ಲಿಂದ ಬಸ್ಸಿನಲ್ಲಿ ಒಂದೂವರೆ ತಾಸಿನ ದೂರದ ಸಂಶೋಧನಾ ಕೇಂದ್ರದಲ್ಲಿದ್ದರು. ಕಡಿಮೆ ಮಾತಿನ, ಹತ್ತಿ ಸೀರೆಯ, ಯಾವಾಗಲೂ ಕೊಡೆ ಹಿಡಿದಿರುವ ಹೆಂಗಸು. ಹಿಂಗಾರಿ ಜೋಳದ ಒಂದು ಹೊಸ ತಳಿಗಾಗಿ ಎಂಟು ವರ್ಷ ಸವೆಸಿದ್ದರು. ತಳಿಗೆ ಇನ್ನೂ ಹೆಸರಿರಲಿಲ್ಲ, ಬರೀ ಒಂದು ಸಂಖ್ಯೆ. ನಾವು ಆಫೀಸಿನಲ್ಲಿ 'ಮೇಡಂ ಜೋಳ' ಎನ್ನುತ್ತಿದ್ದೆವು. ನಾನು ಹೇಳಹೊರಟ ವರ್ಷದ ಮೇ ತಿಂಗಳಲ್ಲಿ ಅವರ ನಿವೃತ್ತಿ. ಏಪ್ರಿಲಿನಲ್ಲಿ ವಿಜ್ಞಾನಿಗಳ ಸಭೆ. ಮೇಡಂ ಜೋಳ ಮುಂದಿನ ಹಂತಕ್ಕೆ ಹೋಗಬೇಕೋ, ಪಟ್ಟಿಯಿಂದ ಕೈಬಿಡಬೇಕೋ ಎಂಬುದು ಅಲ್ಲಿ ತೀರ್ಮಾನವಾಗಬೇಕಿತ್ತು. ಅವರ ಎಂಟು ವರ್ಷದ ಕೆಲಸ ಆ ಒಂದು ಸಭೆಯ ಮೇಲೆ ನಿಂತಿತ್ತು.

ತೀರ್ಮಾನಕ್ಕೆ ಆಧಾರ ರೈತರ ಹೊಲದಲ್ಲಿ ನಡೆಸುವ ಪರೀಕ್ಷೆ. ರಾಮದುರ್ಗ, ಬೈಲಹೊಂಗಲ, ಮುನವಳ್ಳಿ, ಈ ಮೂರು ಕಡೆ ಒಂದೊಂದು ಹೊಲ. ಒಂದೊಂದು ಹೊಲದಲ್ಲಿ ಹದಿನಾರು ತಳಿ. ಪ್ರತಿ ತಳಿಯನ್ನು ಅದೇ ಹೊಲದ ಮೂರು ಬೇರೆ ಬೇರೆ ಜಾಗದಲ್ಲಿ ಬಿತ್ತುತ್ತಾರೆ. ಆ ಸಣ್ಣ ಸಣ್ಣ ತುಂಡುಗಳಿಗೆ ತಾಕು ಎನ್ನುತ್ತಾರೆ. ಒಂದು ತಾಕಿನ ಮಣ್ಣು ಸುಳ್ಳು ಹೇಳಿದರೂ ಉಳಿದೆರಡು ಸತ್ಯ ಹೇಳಲಿ ಎಂದು ಈ ಏರ್ಪಾಡು. ಸುಗ್ಗಿಯಾದ ಮೇಲೆ ತಾಕಿನ ಕಾಳು ತೂಗಿ ನಮ್ಮ ಸಾಫ್ಟ್‌ವೇರಿಗೆ ತುಂಬಿದರೆ, ಯಾವ ತಳಿ ಎಷ್ಟನೆಯದು ಎಂದು ಅದು ಹೇಳುತ್ತದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ.

ಮೊದಲ ವರ್ಷ, ಟ್ಯಾಬಿನಲ್ಲಿ ತುಂಬುವ ನಮ್ಮ ಫಾರ್ಮಿನಲ್ಲಿ ಷರಾ ಎಂಬ ಖಾಲಿ ಜಾಗವಿತ್ತು. ಸರಕಾರಿ ಪುಸ್ತಕಗಳ ಕೊನೆಯಲ್ಲಿ ಇರುತ್ತದಲ್ಲ, ಏನಾದರೂ ಬರೆಯಿರಿ ಎಂದು ಬಿಟ್ಟ ಕಾಲಂ, ಅದು. ಪರೀಕ್ಷೆಯ ಹೊಲ ನೋಡಿಕೊಳ್ಳುವ ಸಹಾಯಕರು ಅದರಲ್ಲಿ ಏನನ್ನೂ ಬಿಡಲಿಲ್ಲ. 'ಹಂದಿ ಬಂದಿದ್ದವು, ಓಡಿಸಲಾಯಿತು.' 'ಸಾಹೇಬರು ಬರುತ್ತೇನೆಂದು ಬರಲಿಲ್ಲ.' 'ಸದರಿ ದಿವಸ ನನಗೆ ಚಳಿಜ್ವರ.' ಒಬ್ಬರಂತೂ, 'ಈ ಸಾಲಿನ ತೆನೆ ನೋಡಲು ಬಲು ಚೆಂದ' ಎಂದು ಬರೆದಿದ್ದರು. ಚೆಂದವನ್ನು ನಾನು ಯಾವ ಲೆಕ್ಕಕ್ಕೆ ಹಾಕಲಿ? ಅಂಕಿಗಳ ನಡುವೆ ಈ ಪುರಾಣವೆಲ್ಲ ಬಂದು ಕೂತು ನನ್ನ ತಲೆ ಕೆಟ್ಟುಹೋಗಿತ್ತು.

ಎರಡನೆಯ ವರ್ಷ ಷರಾ ಕಿತ್ತು ಹಾಕಿದೆ. ಅದರ ಬದಲು ಏಳು ಕಾರಣಗಳ ಪಟ್ಟಿ: ಕೀಟ, ರೋಗ, ಹಕ್ಕಿ, ಹಂದಿ, ಮಳೆ, ಗಾಳಿ, ಕಳವು. ಎಂಟನೆಯದು 'ಏನೂ ಇಲ್ಲ'. ಯಾವುದಾದರೂ ಒಂದನ್ನು ಒತ್ತಿದರೆ ಮುಗಿಯಿತು.

"ಇತರೆ ಅಂತ ಒಂದು ಇರಲಿ ಬಿಡ್ರಿ ಅಕ್ಕಾರ," ಎಂದಳು ಕಿತ್ತೂರಿನ ಹುಡುಗಿ.

"ಇತರೆ ಇಟ್ರ ಎಲ್ಲಾರೂ ಅದನ್ನ ಒತ್ತತಾರ. ಜಗತ್ತಿನ್ಯಾಗ ಜ್ವಾಳಾ ಕಡಿಮಿ ಆಗಾಕ ಇನ್ನೇನ ಕಾರಣ ಅದಾವ, ಹೇಳು ನೋಡೂಣು?"

ಅವಳಿಗೆ ತಕ್ಷಣ ಹೊಳೆಯಲಿಲ್ಲ. ನಾನು ಗೆದ್ದೆ ಎಂದುಕೊಂಡೆ. ಈ ಬದಲಾವಣೆಯನ್ನು ಮೇಡಂ ಅವರಿಗೆ ಬಾಯಿ ಬಿಟ್ಟು ಹೇಳಲೂ ಇಲ್ಲ. ಫಾರ್ಮು ಚೊಕ್ಕ ಕಾಣುತ್ತಿದೆ ಎಂದು ಅವರೇ ಮೆಚ್ಚಿಕೊಂಡಾಗ ಒಳಗೊಳಗೇ ಹಿಗ್ಗಿದೆ.

ಮಾರ್ಚಿ ತಿಂಗಳಲ್ಲಿ ತೂಕಗಳು ಬಂದವು. ರಾಮದುರ್ಗದಲ್ಲಿ ಮೇಡಂ ಜೋಳ ಎರಡನೆಯದು, ಬೈಲಹೊಂಗಲದಲ್ಲಿ ಮೂರನೆಯದು. ಮುನವಳ್ಳಿಯಲ್ಲಿ ಮಾತ್ರ ಕೊನೆಯಿಂದ ಎರಡನೆಯದು. ಒಟ್ಟು ಸರಾಸರಿ ಕೆಳಗೆ ಕುಸಿದಿತ್ತು. ಅದೇ ದಿನ ಮೇಡಂ ಅವರ ಫೋನು ಬಂತು.

"ಮುನವಳ್ಳಿದು ಖರೇ ಐತೇನ್ರಿ ಇದು?"

ಎರಡೆರಡು ಸಲ ನೋಡಿದ್ದೇನೆ ಎಂದೆ. ಒಂದು ತಾಕು ಕಡಿಮೆ ಬಂದು ಎರಡು ಸರಿಯಾಗಿದ್ದರೆ ಸಂಶಯಪಡಬಹುದಿತ್ತು, ಸಾಫ್ಟ್‌ವೇರೇ ಅದನ್ನು ಕೆಂಪು ಬಣ್ಣದಲ್ಲಿ ತೋರಿಸುತ್ತಿತ್ತು. ಇಲ್ಲಿ ಮೂರೂ ತಾಕು ಸಮನಾಗಿ ಕಡಿಮೆ. ಕಾರಣದ ಜಾಗದಲ್ಲಿ 'ಏನೂ ಇಲ್ಲ' ಎಂದಿದೆ. "ಮೂರೂ ಕೂಡಿ ಸುಳ್ಳ ಹೇಳಾಕ ಸಾಧ್ಯ ಇಲ್ರಿ ಮೇಡಂ," ಎಂದೆ. ಪಾಠ ಹೇಳುವ ದನಿ ನನ್ನನ್ನು ಇನ್ನೂ ಬಿಟ್ಟಿರಲಿಲ್ಲ.

ಮೇಡಂ, "ಆತು ಬಿಡ್ರಿ. ಆ ಮಣ್ಣಿಗೆ ಒಗ್ಗಿಲ್ಲಂತ ಕಾಣತೈತಿ. ನಾನ ಪಟ್ಟಿಯಿಂದ ತಗಿತೇನಿ, ಸಭಾದಾಗ ಬ್ಯಾರೇದವರ ಕಡೆ ಅನಿಸಿಕೊಳ್ಳೂದು ಬ್ಯಾಡ," ಎಂದು ಫೋನಿಟ್ಟರು. ನನಗೆ ಬೇಸರವಾಯಿತು, ಆದರೆ ನನ್ನ ಲೆಕ್ಕದ ಮೇಲೆ ನಂಬಿಕೆ ಒಂದಿಷ್ಟೂ ಅಲುಗಲಿಲ್ಲ. ಇವತ್ತು ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಸಭೆಗೆ ಇನ್ನೂ ವಾರವಿತ್ತು. ಸಹಾಯಕರಿಗೆ ಕೊಟ್ಟಿದ್ದ ಟ್ಯಾಬ್‌ಗಳನ್ನು ಸುಗ್ಗಿ ಮುಗಿದ ಮೇಲೆ ವಾಪಸು ತರುವುದು ನನ್ನ ಕೆಲಸ. ಮುನವಳ್ಳಿಗೆ ಹೋದೆ. ಅಲ್ಲಿಯ ಸಹಾಯಕರು ಐವತ್ತು ದಾಟಿದವರು, ಅಕ್ಷರ ಮುತ್ತಿನಂತೆ ಬರೆಯುವವರು, ಹಿಂದೆ ಷರಾ ಜಾಗದಲ್ಲಿ ಚಳಿಜ್ವರ ಬರೆದವರು ಅವರೇ. ಹೊಲದ ಮನೆಯಲ್ಲಿ ಚಹಾ ಕುಡಿದು ಹೋಗಿರಿ ಎಂದು ಒತ್ತಾಯ ಮಾಡಿ ಕರೆದುಕೊಂಡು ಹೋದರು. ಎರೆ ಹೊಲ, ಜೋಳ ಕೊಯ್ದು ಬರೀ ಕೂಳೆ ನಿಂತಿತ್ತು. ಹೊಲದ ಒಡತಿ, ಎಪ್ಪತ್ತರ ಮೇಲಿನ ಗಟ್ಟಿ ಮುದುಕಿ, ಬೇವಿನ ಗಿಡದ ಕೆಳಗೆ ಕುಳಿತಿದ್ದರು.

"ಕುಂತ್ರಿ ಯವ್ವಾ. ನೀವು ಬೀಜದ ಆಫೀಸಿನವರೇನು?"

ಅಲ್ಲ, ಕಂಪ್ಯೂಟರಿನವಳು ಎಂದೆ. ಅವರಿಗೆ ಅದರಲ್ಲಿ ಆಸಕ್ತಿ ಬರಲಿಲ್ಲ.

"ಯಾರರೆ ಆಗ್ರಿ. ಆ ಹನ್ನೊಂದನೇ ಗೂಟದ ಬೀಜ ಒಂದ ಸೇರು ಕೊಡಸ್ರಿ ನನಗ. ಉಳದ ಹದಿನೈದೂ ಒಂದ ತೂಕ, ಅದ ಒಂದ ತೂಕ. ಸೀತನಿಗೆ ಅಂಥಾ ಜ್ವಾಳಾ ನಾ ಹುಟ್ಟಿ ತಿಂದಿಲ್ಲ."

ತಾಕಿನ ತಲೆಗೆ ತಳಿಯ ಸಂಖ್ಯೆ ಬರೆದ ಗೂಟ ನೆಟ್ಟಿರುತ್ತಾರೆ. ಹನ್ನೊಂದು ಅಂದರೆ ಮೇಡಂ ಜೋಳ. ಚಹಾದ ಬಟ್ಟಲನ್ನು ಕೆಳಗಿಟ್ಟೆ.

ಸೀತನಿ ಎಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಎಳ್ಳಮವಾಸ್ಯೆಯ ಆಸುಪಾಸು ಜೋಳದ ಕಾಳಿಗೆ ಹಾಲು ತುಂಬಿ ಇನ್ನೇನು ಗಟ್ಟಿಯಾಗಬೇಕು ಎನ್ನುವಾಗ, ಹಸಿ ತೆನೆ ಮುರಿದು, ಕುಳ್ಳಿನ, ಅಂದರೆ ಬೆರಣಿಯ, ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಉಜ್ಜಿ ಕಾಳು ಬಿಡಿಸಿ, ಶೇಂಗಾ ಚಟ್ನಿ, ಬೆಲ್ಲದ ಜೊತೆ ತಿನ್ನುವುದು. ಹಾದಿಯಲ್ಲಿ ಹೋಗುವವರನ್ನೂ ಕರೆದು ಒಂದು ಬೊಗಸೆ ಕೊಡುತ್ತಾರೆ. ಕರೆದಾಗ ಒಲ್ಲೆ ಎನ್ನುವುದು ಮರ್ಯಾದೆಯಲ್ಲ. ಅದನ್ನು ತಿಂದು ಬೆಳೆದ ನನಗೆ ಏಳು ಕಾರಣ ಬರೆಯುವಾಗ ಅದು ನೆನಪಾಗಿರಲಿಲ್ಲ.

"ಆಯಿ, ಆ ಗೂಟದ ತೆನಿ ಎಷ್ಟ ಮುರದ್ರಿ?" ಎಂದು ಕೇಳಿದೆ.

"ಎಷ್ಟಂತ ಹೇಳ್ಲಿ? ಬೀಗರು ಬಂದಿದ್ರು, ಸಾಲಿ ಮಾಸ್ತರರು ಬಂದಿದ್ರು. ಮೊದಲನೇ ದಿನ ಎಲ್ಲಾ ಗೂಟದ್ದೂ ಒಂದೊಂದ ತೆನಿ ಸುಟ್ಟು ನೋಡಿದ್ವಿ. ಇದ ಸೀ ಅಂತ ಗೊತ್ತಾದ ಮ್ಯಾಲ ಉಳದದ್ದು ಯಾರು ತಿಂತಾರ? ಆದರ ನಾವೇನ ಅನ್ಯಾಯದವರಲ್ಲ ಯವ್ವಾ. ಅದ ತೆನಿ ಹೊಲದಾಗ ಮೂರ ಕಡೆ ಇತ್ತು, ನೋಡಿದರ ತಿಳೀತೈತಿ. ಒಂದ ಕಡೆ ಮುರದರ ಆ ತಾಕು ಬೋಳ ಕಾಣತೈತಿ, ಪಾಪ ಪರೀಕ್ಷಾದವರಿಗೆ ತ್ರಾಸ ಆಗಬಾರದು ಅಂತ ಮೂರೂ ಕಡೆ ಸಮಾ ಮುರದ್ವಿ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ನನ್ನ ಸಾಫ್ಟ್‌ವೇರು ಮಾಡಿದ್ದು ಅದನ್ನೇ. ಮೂರೂ ಕೂಡಿ ಸುಳ್ಳು ಹೇಳುವುದಿಲ್ಲ ಎಂದು ನಾನು ಫೋನಿನಲ್ಲಿ ಪಾಠ ಹೇಳಿದ್ದೆ. ಅವು ಸುಳ್ಳನ್ನೂ ಹೇಳಿರಲಿಲ್ಲ. ಎಲ್ಲಕ್ಕಿಂತ ರುಚಿಯಾದ ತಳಿಯನ್ನು ಊರೆಲ್ಲ ನ್ಯಾಯವಾಗಿ ಹಂಚಿಕೊಂಡು ತಿಂದಿತ್ತು, ಅಷ್ಟೇ.

ಸಹಾಯಕರ ಕಡೆ ತಿರುಗಿದೆ. ಅವರು ನೆಲ ನೋಡುತ್ತಿದ್ದರು.

"ನಿಮಗ ಗೊತ್ತಿತ್ತಲ್ರಿ? ಮತ್ತ ಏನೂ ಇಲ್ಲ ಅಂತ ಯಾಕ ಒತ್ತಿದ್ರಿ?"

"ಏನ ಒತ್ತಲ್ರಿ ಮೇಡಮ್ಮರ? ಹಕ್ಕಿ ತಿಂದಿಲ್ಲ, ಹಂದಿ ತಿಂದಿಲ್ಲ. ಉಳದದ್ದು ಕಳವು. ತಮ್ಮ ಹೊಲದಾಗ ತಾವ ಮುರದು ನಾಕ ಮಂದಿಗೆ ಕೊಟ್ಟದ್ದನ್ನ ಕಳವು ಅಂತ ಹೆಂಗ ಒತ್ತಲಿ? ಕೈ ಬರಲಿಲ್ರಿ." ಟ್ಯಾಬನ್ನು ನನ್ನ ಕೈಗೆ ಕೊಡುತ್ತ ಹೇಳಿದರು: "ಮ್ಯಾಲ ನಾನೂ ತಿಂದೇನಿ. ಹೋದ ವರ್ಷದ್ದಾಗಿದ್ರ ಷರಾದಾಗ ಬರೀತಿದ್ನಿ."

ಟ್ಯಾಬನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನೊಡನೆ ನಾನೇ ಜಗಳವಾಡಿದೆ. ಸಾಫ್ಟ್‌ವೇರಿನಲ್ಲಿ ತಪ್ಪೇನಿದೆ? ತುಂಬಿದ ಅಂಕಿಯನ್ನು ಸರಿಯಾಗಿಯೇ ಲೆಕ್ಕ ಹಾಕಿದೆ. ತಪ್ಪು ಸಹಾಯಕರದು, ಪರೀಕ್ಷೆಯ ತೆನೆ ಮುರಿದ ಮುದುಕಿಯದು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಒಂದೊಂದೇ ನೆಪ ಜೋಡಿಸಿದೆ. ಅದಕ್ಕಿಂತ ಕೆಟ್ಟ ವಿಚಾರವೂ ಬಂತು, ಮುಚ್ಚಿಡುವುದಿಲ್ಲ: ನಾನು ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಸಹಾಯಕರು ತಾವೂ ತಿಂದವರು, ಬಾಯಿ ಬಿಡುವುದಿಲ್ಲ. ಮೇಡಂ ಆಗಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದಾರೆ, ತಿಂಗಳೊಪ್ಪತ್ತಿನಲ್ಲಿ ನಿವೃತ್ತರಾಗುತ್ತಾರೆ. ಸಭೆಗೆ ಬರುವ ವಿಜ್ಞಾನಿಗಳಲ್ಲಿ ನಾಲ್ಕು ಜನ ನಮ್ಮದೇ ಸಾಫ್ಟ್‌ವೇರು ಬಳಸುವವರು. ಅವರೆದುರು ಇದು ಬಯಲಾದರೆ ಕಂಪನಿಯ ಬಾಗಿಲು ಹಾಕಬೇಕಾದೀತು, ಕಿತ್ತೂರಿನ ಹುಡುಗಿ ಬೇರೆ ಕೆಲಸ ಹುಡುಕಬೇಕಾದೀತು. ಬೈಲಹೊಂಗಲ ಬರುವ ತನಕ ಹೀಗೇ ನಡೆಯಿತು. ಇಳಿದಾಗಲೂ ಯಾವ ತೀರ್ಮಾನವೂ ಆಗಿರಲಿಲ್ಲ.

ಹುಡುಗಿಗೆ ಎಲ್ಲವನ್ನೂ ಹೇಳಿದೆ. ನಾನು ಅವತ್ತೇ ಹೇಳಿದ್ದೆನಲ್ಲ ಎಂದು ಅವಳು ಅಂದಿದ್ದರೆ ಚೆನ್ನಾಗಿತ್ತು, ಸಿಟ್ಟು ಮಾಡಲಿಕ್ಕೆ ಒಂದು ದಾರಿ ಸಿಗುತ್ತಿತ್ತು. ಅವಳು ಸುಮ್ಮನೆ ಫಾರ್ಮು ತೆರೆದು, "ಸೀತನಿ ಅಂತ ಇನ್ನೊಂದ ಕಾರಣ ಸೇರಸಲೇನ್ರಿ ಅಕ್ಕಾರ?" ಎಂದು ಕೇಳಿದಳು.

"ಬ್ಯಾಡ. ಇನ್ನೊಂದಾದ ಮ್ಯಾಲ ಮತ್ತೊಂದು ಬರತೈತಿ. ಷರಾ ವಾಪಸ ಹಾಕು," ಎಂದೆ. ಹಾಗೆ ಅಂದ ಮೇಲೆ ನನಗೇ ದಾರಿ ತಿಳಿಯಿತು. ಫಾರ್ಮು ತಪ್ಪು ಎಂದು ಇವಳೆದುರು ಒಪ್ಪಿಕೊಂಡಾಗಿತ್ತು. ಮೇಡಂ ಎದುರು ಒಪ್ಪದಿರುವುದು ಹೇಗೆ?

ಮರುದಿನ ಮೊದಲ ಬಸ್ಸಿಗೆ ಹೋದೆ. ಮೇಡಂ ತಮ್ಮ ಕೋಣೆಯ ಕಪಾಟು ಖಾಲಿ ಮಾಡುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಸಹಾಯಕರೂ ತಿಂದ ಮಾತನ್ನು ಮಾತ್ರ ಮಧ್ಯದಲ್ಲಿ ತರಬಾರದು ಎಂದುಕೊಂಡಿದ್ದೆ. ಅವರು ಕಳವು ಎಂದು ಒತ್ತಲು ಒಲ್ಲದ್ದನ್ನು ಹೇಳಿದೆ.

"ಷರಾ ತಗದದ್ದು ನನಗ ಯಾಕ ಹೇಳಲಿಲ್ಲ ನೀವು?" ಅವರು ದನಿ ಏರಿಸಲಿಲ್ಲ. ಏರಿಸಿದ್ದರೆ ತಡೆದುಕೊಳ್ಳುತ್ತಿದ್ದೆ.

"ಅಂಕಿ ಹೊಲಸಾಗತಾವ ಅಂತ ತಗದ್ನಿ ಮೇಡಂ. ನಿಮ್ಮನ್ನ ಕೇಳಬೇಕಂತ ಅನಿಸಲಿಲ್ಲ. ನನ್ನ ತಪ್ಪು."

ಅವರು ಕುರ್ಚಿಯಲ್ಲಿ ಕುಳಿತರು. "ಮೂರೂ ಕಡೆ ಸಮಾ ಮುರದರೇನು?" ಎಂದು ಕೇಳಿ ನಕ್ಕರು. ನಗುತ್ತಲೇ ಕನ್ನಡಕ ತೆಗೆದು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ನಾನು ಒಂದು ಉಪಾಯ ಹುಡುಕಿಕೊಂಡು ಹೋಗಿದ್ದೆ. ಎಷ್ಟು ತೆನೆ ಹೋಗಿರಬಹುದು ಎಂದು ಅಂದಾಜು ಮಾಡಿ ತೂಕ ಸರಿಪಡಿಸಬಹುದು ಎಂದೆ. ಅವರು ತಲೆಯಾಡಿಸಿದರು. ತಿಂದದ್ದನ್ನು ತೂಗಲು ಬರುವುದಿಲ್ಲ. ಮಾಡಬಹುದಾದ್ದು ಒಂದೇ, ಮುನವಳ್ಳಿಯ ಪರೀಕ್ಷೆಯನ್ನೇ ರದ್ದು ಮಾಡಿ ಎಂದು ಸಭೆಗೆ ಬರೆಯುವುದು. ರದ್ದಾದರೆ ಮೂರು ಊರಿನ ಫಲಿತಾಂಶ ಪೂರ್ತಿಯಾಗುವುದಿಲ್ಲ, ಇನ್ನೊಂದು ವರ್ಷ ಬಿತ್ತಬೇಕು.

"ಇನ್ನೊಂದ ವರ್ಷಕ್ಕ ನಾ ಇರಂಗಿಲ್ಲ. ಬ್ಯಾರೇದವರ ಹೆಸರಿನ್ಯಾಗ ಹೋಗತೈತಿ," ಎಂದರು. ಆಮೇಲೆ ಬಿಳಿ ಹಾಳೆ ತೆಗೆದು ಪತ್ರ ಬರೆಯಲು ಶುರು ಮಾಡಿದರು. ಎಂಟು ವರ್ಷದ ಕೆಲಸ ಉಳಿಯಬೇಕಾದರೆ ಅದರ ಮೇಲಿನ ತಮ್ಮ ಹೆಸರು ಹೋಗಬೇಕು. ಅದನ್ನು ನಿರ್ಧರಿಸಲು ಅವರು ತೆಗೆದುಕೊಂಡ ಸಮಯ ಪೆನ್ನಿನ ಮುಚ್ಚಳ ತೆಗೆಯುವಷ್ಟು. ನಾನು ಒಂದು ಇಡೀ ಬಸ್ ಪ್ರಯಾಣದಲ್ಲಿ ನನ್ನದನ್ನು ನಿರ್ಧರಿಸಲಾಗದೆ ಒದ್ದಾಡಿದ್ದೆ.

ಪತ್ರದ ಜೊತೆ ಇನ್ನೊಂದು ಹಾಳೆ ಬೇಕಿತ್ತು: ಮಾಹಿತಿ ಬಿಟ್ಟುಹೋದದ್ದು ಯಾಕೆ ಎಂದು. 'ಕಾರಣ ಬರೆಯಲು ನಮ್ಮ ಸಾಫ್ಟ್‌ವೇರಿನಲ್ಲಿ ಜಾಗ ಇಟ್ಟಿರಲಿಲ್ಲ. ಇದ್ದ ಜಾಗವನ್ನು ವಿಜ್ಞಾನಿಗಳನ್ನು ಕೇಳದೆ ತೆಗೆದದ್ದು ನಾನು. ಸಹಾಯಕರ ತಪ್ಪಿಲ್ಲ' ಎಂದು ಬರೆದು, ಕಂಪನಿಯ ಸಿಕ್ಕಾ ಒತ್ತಿ ಸಹಿ ಹಾಕಿದೆ. ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿದರಂತೆ. ನಾಲ್ಕು ಗಿರಾಕಿಗಳಲ್ಲಿ ಒಬ್ಬರು ನಮ್ಮನ್ನು ಬಿಟ್ಟರು. ಇನ್ನೊಬ್ಬರು ಫೋನು ಮಾಡಿ, ತಮ್ಮ ಕಡಲೆ ಹೊಲದಲ್ಲಿಯೂ ಹಸಿ ಕಡಲೆ ತಿನ್ನುತ್ತಾರೆ, ಬರೆಯಲು ಜಾಗ ಬೇಕು ಎಂದರು. ಮೇಡಂ ಜೋಳಕ್ಕೆ ಇನ್ನೊಂದು ವರ್ಷ ಸಿಕ್ಕಿತು.

ಮುಂದಿನ ಜನವರಿಯಲ್ಲಿ ಮುನವಳ್ಳಿಗೆ ಹೊರಟಾಗ ಮೇಡಂ ಅವರನ್ನು ಕರೆದೆ. ನಿವೃತ್ತರಾದ ಮೇಲೆ ಅವರು ಯಾವ ಹೊಲಕ್ಕೂ ಹೋಗಿರಲಿಲ್ಲ. ಮೊದಲು ಬೇಡ ಎಂದರು, ನಾನು ಗದರಿದ ಮೇಲೆ ಕೊಡೆ ಹಿಡಿದು ಬಂದರು. ಸಹಾಯಕರು ಈ ಸಲ ಪರೀಕ್ಷೆಯ ತಾಕುಗಳಿಗೆ ಹಗ್ಗ ಕಟ್ಟಿ, ಹೊರಗಡೆ ನಾಲ್ಕು ಸಾಲು ಮೇಡಂ ಜೋಳವನ್ನು ಬರೀ ತಿನ್ನುವುದಕ್ಕೆಂದು ಬಿತ್ತಿಸಿದ್ದರು.

ಬೇವಿನ ಗಿಡದ ಕೆಳಗೆ ಕುಳ್ಳು ಉರಿಯುತ್ತಿತ್ತು. ಮುದುಕಿ ಬಿಸಿ ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಊದಿ, ಹಸಿರು ಕಾಳನ್ನು ಮೇಡಂ ಅವರ ಬೊಗಸೆಗೆ ಸುರಿದರು. ಮೇಡಂ ಒಂದೊಂದೇ ಕಾಳು ಬಾಯಿಗೆ ಹಾಕಿಕೊಂಡರು.

"ಎಂಟ ವರ್ಷ ಇದನ್ನ ತೂಗೇನಿ," ಎಂದರು ನನ್ನ ಕಡೆ ನೋಡದೆ. "ಎತ್ತರಾ ಅಳದೇನಿ, ಕಾಳ ಎಣಿಸೇನಿ. ಒಂದ ತೆನಿ ಕಡಿಮಿ ಆದರ ಲೆಕ್ಕಾ ತಪ್ಪತೈತಿ ಅಂತ ಒಂದ ಕಾಳೂ ಬಾಯಾಗ ಹಾಕಿದಾಕಿ ಅಲ್ಲ."

ಮುದುಕಿಗೆ ಅರ್ಥವಾಗಲಿಲ್ಲ. ಇವರು ಯಾರು ಎಂದು ಕೇಳಿದರು. ಹೇಳುವುದು ಬೇಡ ಎಂದು ಮೇಡಂ ನನಗೆ ಕಣ್ಣಲ್ಲೇ ಸನ್ನೆ ಮಾಡಿದರು. ನಾನು ಮಾತು ಕೇಳುವವಳಲ್ಲ.

"ಈ ಜ್ವಾಳಾ ಮಾಡಿದವರು ಇವರ ನೋಡ್ರಿ, ಆಯಿ."

ಮುದುಕಿಯ ಕೈ ತೆನೆಯ ಮೇಲೆ ನಿಂತಿತು. ಹೋದ ವರ್ಷ ತೆನೆ ಮುರಿದದ್ದರಿಂದ ಏನೋ ಎಡವಟ್ಟಾಗಿತ್ತೆಂದು ಸಹಾಯಕರು ಅವರಿಗೆ ಹೇಳಿದ್ದರು.

"ಹಂಗಾದ್ರ ಹೋದ ವರ್ಷ ನಿಮ್ಮ ದುಡಿಕಿ ತಿಂದು ಹಾಳ ಮಾಡಿದವರು ನಾವ ಏನವ್ವಾ? ನಮಗ ತಿಳೀಲಿಲ್ಲ. ತಪ್ಪ ತಿಳೀಬ್ಯಾಡ್ರಿ."

ಆ ವರ್ಷದ ತೂಕ ಇನ್ನೂ ಬರಬೇಕಿತ್ತು. ಬಂದ ಮೇಲೂ ಪಟ್ಟಿಯಲ್ಲಿ ಇರುವುದು ಬೇರೆಯವರ ಹೆಸರು. ಮೇಡಂ ಬೊಗಸೆಯನ್ನು ಮತ್ತೆ ಮುಂದೆ ಹಿಡಿದರು.

"ಹಾಳ ಎಲ್ಲಿ ಮಾಡಿದ್ರಿ ಆಯಿ? ತಿನ್ನಾಕಂತನ ಮಾಡಿದ್ನಿ ನಾನು," ಎಂದರು. "ಇನ್ನೊಂದೀಟು ಹಾಕ್ರಿ."